ಮಹಡಿಯವರ ಹಳದಿ ದಾರ

ಬಸವೇಶ್ವರನಗರದ ಹಾವನೂರು ವೃತ್ತದಿಂದ ಸ್ವಲ್ಪ ಒಳಗೆ, ಒಂದು ಅಡ್ಡರಸ್ತೆಯಲ್ಲಿ ಕಲ್ಯಾಣಮ್ಮನವರ ಅಂಗಡಿ ಇದೆ. ಸೀರೆಗೆ ಫಾಲ್ಸ್ ಹಾಕುವುದು, ಜಿಗ್‌ಜಾಗ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ಅಲ್ಲಿನ ಕೆಲಸ. ಅಂಗಡಿಯ ಪಕ್ಕದಲ್ಲೇ ಕಿರಿದಾದ ಮೆಟ್ಟಿಲು. ಹತ್ತಿ ಹೋದರೆ ಮಹಡಿಯಲ್ಲಿ ಒಂದೇ ಕೋಣೆ. ಬಾಗಿಲ ಮೇಲೆ ‘ಪಾರವ್ವ ರಾಜೇಂದ್ರ, ಆಪ್ತ ಸಮಾಲೋಚಕಿ’ ಎಂಬ ಅಂಗೈ ಅಗಲದ ಫಲಕ. ಅದು ರಸ್ತೆಗೆ ಕಾಣುವುದಿಲ್ಲ. ಕಾಣದಿರಲಿ ಎಂದೇ ಅಷ್ಟು ಚಿಕ್ಕದು ಮಾಡಿಸಿದ್ದು.

ಇಲ್ಲಿ ಬರೆಯುತ್ತಿರುವ ಸೀರೆಯ ಪ್ರಸಂಗವನ್ನು ನನಗೆ ಪಾರವ್ವ ಹೇಳಿದ್ದಲ್ಲ. ತಮ್ಮ ಬಗ್ಗೆ ಅವರು ಎಷ್ಟು ಬೇಕಾದರೂ ಹೇಳುತ್ತಾರೆ, ತಮ್ಮಲ್ಲಿಗೆ ಬರುವವರ ಬಗ್ಗೆ ಅರ್ಧ ಮಾತೂ ಆಡುವುದಿಲ್ಲ. ಹೇಳಿದವರು ನಮ್ಮ ಶಾಲೆಯಲ್ಲಿ ಗಣಿತ ಪಾಠ ಮಾಡುವ ವಚನಾ ಮತ್ತು ಅವಳ ಅತ್ತೆ ಕಮಲಾಕ್ಷಮ್ಮ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾ ಹೇಳಿದರು. “ಹೆಸರು ಹಾಕೇ ಬರೀರಿ, ನಾವೇನು ಕಳ್ಳತನ ಮಾಡಿದೀವಾ?” ಎಂದು ಕಮಲಾಕ್ಷಮ್ಮ ಅಪ್ಪಣೆಯನ್ನೂ ಕೊಟ್ಟರು.

ಮೊದಲು ಪಾರವ್ವನವರ ಬಗ್ಗೆ ಹೇಳಬೇಕು.

ಅವರಿಗೆ ಈಗ ನಲವತ್ತೇಳು. ಹುಟ್ಟಿದ್ದು ಇಳಕಲ್ಲಿನ ಹತ್ತಿರದ ಒಂದು ಊರಿನ ನೇಕಾರರ ಮನೆಯಲ್ಲಿ. ಅಪ್ಪ ಮಗ್ಗದಲ್ಲಿ ಕೂತರೆ, ಅವ್ವ ಮತ್ತು ಅವ್ವನ ತಂಗಿ ಶಾಂತವ್ವ ಪಡಸಾಲೆಯಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ರಾಟೆ ತಿರುಗುವಾಗ ಇಬ್ಬರೂ ಮಾತಾಡುತ್ತಿದ್ದರು. ಮುಖ ನೋಡಿಕೊಂಡಲ್ಲ, ನೂಲು ನೋಡಿಕೊಂಡು. ಊಟಕ್ಕೆ ಎದುರು ಬದುರು ಕೂತಾಗ ಅದೇ ಹೆಂಗಸರ ಬಾಯಿಂದ ಸಾರು, ಅನ್ನ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಇದನ್ನು ಪಾರವ್ವ ಆರೇಳು ವರ್ಷದ ಹುಡುಗಿಯಾಗಿದ್ದಾಗಲೇ ಗಮನಿಸಿದ್ದರು.

ಒಂದು ದಿನ ಶಾಂತವ್ವ ರಾಟೆಯ ಮುಂದೆ ಕೂತು, ಗಂಡನ ಮನೆಗೆ ವಾಪಸು ಹೋಗಲು ತನಗೆ ಹೆದರಿಕೆ, ರಾತ್ರಿಯೆಲ್ಲ ಎದೆ ಹೊಡೆದುಕೊಳ್ಳುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ ಎಂದು ಅಕ್ಕನ ಹತ್ತಿರ ಹೇಳಿಕೊಂಡಳು. ಹತ್ತು ವರ್ಷದ ಪಾರವ್ವ ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು. ದೊಡ್ಡವರ ಗುಟ್ಟು ತನಗೂ ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆಗೆ ಮರುದಿನ ಶಾಲೆಯ ನೀರಿನ ತೊಟ್ಟಿಯ ಹತ್ತಿರ ಗೆಳತಿಗೆ ಹೇಳಿಬಿಟ್ಟಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. “ಶಾಂತವ್ವನ ತಲಿ ಕೆಟ್ಟೈತಂತ” ಎಂದು ಕಟ್ಟೆಯ ಮೇಲೆ ಕೂತ ಗಂಡಸರು ಆಡಿಕೊಂಡರು.

ಯಾರೂ ಹುಡುಗಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಶಾಂತವ್ವ ಮಾತ್ರ ಅವತ್ತಿನಿಂದ ರಾಟೆಯ ಮುಂದೆ ಬಾಯಿ ತೆರೆಯುವುದನ್ನು ಬಿಟ್ಟಳು. ಗಂಡನ ಮನೆಗೆ ವಾಪಸು ಹೋಗಲಿಲ್ಲ, ತವರಿನಲ್ಲೇ ಉಳಿದಳು. ಆದರೆ ಪಾರವ್ವ ಮದುವೆಯಾಗಿ ಹೋಗುವವರೆಗೆ, ಎಂಟು ವರ್ಷ, ಆ ಪಡಸಾಲೆಯಲ್ಲಿ ಬರೀ ರಾಟೆಯ ಸದ್ದು. “ನನ್ನಿಂದ ಆದ ಮೊದಲನೇ ಗಾಯ ಅದು” ಎಂದು ಪಾರವ್ವ ಹೇಳುತ್ತಾರೆ. ಅವರು ಹಾಗೆ ಹೇಳುವಾಗ ಮಾತ್ರ ಮುಖದಲ್ಲಿ ನಗು ಇರುವುದಿಲ್ಲ. ಉಳಿದ ಹೊತ್ತೆಲ್ಲ ಇರುತ್ತದೆ.

ಪಿಯುಸಿ ಮುಗಿಸಿದ ಮೇಲೆ ರಾಜೇಂದ್ರ ಅವರನ್ನು ಮದುವೆಯಾಗಿ ಬೆಂಗಳೂರಿಗೆ ಬಂದರು. ಗಂಡ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಗಾರರು, ಮನೆ ಸುಂಕದಕಟ್ಟೆಯಲ್ಲಿ. ನೂಲು ಗೊತ್ತಿದ್ದ ಕೈಗೆ ಕುಚ್ಚು ಕಟ್ಟುವುದು ಕಷ್ಟವಾಗಲಿಲ್ಲ. ಕಲ್ಯಾಣಮ್ಮನವರ ಅಂಗಡಿಯಲ್ಲಿ ಹದಿನೆಂಟು ವರ್ಷ ಕೂತು ಕಟ್ಟಿದರು. ಸೀರೆ ಕೊಡಲು ಬಂದ ಹೆಂಗಸರು ‘ಐದು ನಿಮಿಷ’ ಎಂದು ಸ್ಟೂಲಿನ ಮೇಲೆ ಕೂತು, ಪಾರವ್ವನ ಬೆರಳು ನೋಡುತ್ತಾ ನೋಡುತ್ತಾ ಗಂಟೆಗಟ್ಟಲೆ ಮನೆಯ ಕಥೆ ಹೇಳುತ್ತಿದ್ದರು. “ನಿಮ್ಮ ಕೈಗೆ ಅದೇನಿದೆಯೋ ಮಾರಾಯ್ತಿ, ಎಲ್ಲರೂ ಬಂದು ಕಕ್ಕಿ ಹೋಗ್ತಾರೆ” ಎಂದು ಕಲ್ಯಾಣಮ್ಮ ಗೊಣಗುತ್ತಿದ್ದರಂತೆ.

ಮಗಳು ನಿಖಿತಾ ಪಿಯುಸಿಯಲ್ಲಿ ಮನಃಶಾಸ್ತ್ರ ತೆಗೆದುಕೊಂಡಳು. ಪರೀಕ್ಷೆ ಮುಗಿದ ದಿನ ಪುಸ್ತಕವನ್ನು ಮಂಚದ ಕೆಳಗೆ ಎಸೆದವಳು ಮತ್ತೆ ಅದರ ಮುಖ ನೋಡಲಿಲ್ಲ. ಗುಡಿಸುವಾಗ ಸಿಕ್ಕಿದ ಆ ಪುಸ್ತಕವನ್ನು ಅಮ್ಮ ಓದಿದರು. ಒಂದು ಸಲ ಓದಿ ಅರ್ಥವಾಗದ್ದನ್ನು ಕುಚ್ಚು ಕಟ್ಟುತ್ತಾ ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿ ಹಾಕಿದರು. ನಂತರ ದೂರಶಿಕ್ಷಣದಲ್ಲಿ ಬಿ.ಎ., ಆಮೇಲೆ ಮನಃಶಾಸ್ತ್ರದಲ್ಲೇ ಎಂ.ಎಸ್ಸಿ., ಅದರ ಮೇಲೆ ಒಂದು ವರ್ಷದ ಸಮಾಲೋಚನೆ ತರಬೇತಿ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಒಮ್ಮೆ “ಅಮ್ಮಾ, ಪೋಷಕರೆಲ್ಲ ಹೊರಗಡೆ ಇರಬೇಕು” ಎಂದರಂತೆ. “ಸಾರ್, ನನ್ನ ಪೋಷಕರು ಹೊರಗಡೆನೇ ಇದಾರೆ” ಎಂದು ಇವರು ಗೇಟಿನ ಹತ್ತಿರ ನಿಂತಿದ್ದ ಮಗಳನ್ನು ತೋರಿಸಿದರಂತೆ.

ನನ್ನ ಹಳ್ಳಿಯ ಮನೆಯಲ್ಲಿ ಪದವಿ ಕಂಡವಳು ನಾನೇ ಮೊದಲು. ಓದುವುದಕ್ಕೆ ಎಷ್ಟು ಬೆವರು ಬೇಕು ಎಂಬುದು ನನಗೆ ಗೊತ್ತು. ಆದರೆ ನಲವತ್ತರ ಮೇಲೆ, ದಿನಕ್ಕೆ ಮೂರು ಸೀರೆಗೆ ಕುಚ್ಚು ಕಟ್ಟಿಕೊಂಡು ಓದುವುದು ನನ್ನಿಂದ ಆಗುತ್ತಿರಲಿಲ್ಲ.

ತರಬೇತಿ ಮುಗಿದ ಮೇಲೆ ಕಲ್ಯಾಣಮ್ಮ ಮಹಡಿಯ ಕೋಣೆ ಬಿಟ್ಟುಕೊಟ್ಟರು. ಮೊದಲ ಎರಡು ತಿಂಗಳು ಒಬ್ಬರೂ ಬರಲಿಲ್ಲ. ಮೂರನೇ ತಿಂಗಳು ಒಬ್ಬ ಹೆಂಗಸು ಕೆಳಗಡೆ ಹತ್ತು ನಿಮಿಷ ಆಚೆ ಈಚೆ ಓಡಾಡಿ, ಕೊನೆಗೆ ಕೈಚೀಲದಿಂದ ಒಂದು ಸೀರೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಯಾರಾದರೂ ಕೇಳಿದರೆ ಕುಚ್ಚಿಗೆ ಬಂದೆ ಎನ್ನಬಹುದಲ್ಲ. ಪಾರವ್ವ ನಗಲಿಲ್ಲ. “ಒಳ್ಳೇದಾಯ್ತು, ಕೊಡಿ. ಕಟ್ಟಿದ ಹಾಗೂ ಆಯ್ತು” ಎಂದು ಸೆರಗನ್ನು ಮೇಜಿನ ಅಂಚಿಗೆ ಕ್ಲಿಪ್ ಹಾಕಿ ಹರಡಿದರು. ಅಲ್ಲಿಂದ ಅದೇ ರೂಢಿಯಾಯಿತು. ಬರುವವರು ಸೀರೆ ತರುತ್ತಾರೆ. ಗಂಡಸರು ಹೆಂಡತಿಯ ಸೀರೆ ತರುತ್ತಾರೆ.

ಆ ಕೋಣೆಯಲ್ಲಿ ಕುರ್ಚಿಗಳು ಎದುರು ಬದುರಾಗಿಲ್ಲ. ಎರಡೂ ಕಿಟಕಿಯ ಕಡೆಗೆ, ಪಕ್ಕ ಪಕ್ಕದಲ್ಲಿವೆ. ನಡುವೆ ಮೇಜು, ಮೇಜಿನ ಮೇಲೆ ಸೆರಗು. ಬಂದವರು ಇಷ್ಟವಿದ್ದರೆ ಅಂಚಿನ ಎಳೆ ಬಿಡಿಸುತ್ತಾರೆ, ಇಲ್ಲದಿದ್ದರೆ ಕಿಟಕಿಯಾಚೆಯ ಹೊಂಗೆ ಮರ ನೋಡುತ್ತಾರೆ. ಪಾರವ್ವ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. “ಆಮೇಲೆ?” ಎನ್ನುತ್ತಾರೆ. ಅಳು ಬಂದರೆ ಕೈ ನಿಲ್ಲಿಸಿ ಸುಮ್ಮನೆ ಕೂರುತ್ತಾರೆ. ನಾಲ್ಕಾರು ವಾರ ನಿದ್ದೆಯೇ ಇಲ್ಲದವರನ್ನು, ಬದುಕೇ ಬೇಡ ಎನ್ನುವವರನ್ನು ಅದೇ ದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಾರೆ. “ಬಿ.ಪಿ.ಗೆ ಮಾತ್ರೆ ನುಂಗ್ತೀರ, ಶುಗರ್‌ಗೆ ನುಂಗ್ತೀರ. ಇದಕ್ಕೆ ಮಾತ್ರ ಯಾಕ್ರೀ ನಾಚಿಕೆ?” ಎಂದು ಗದರುವುದೂ ಉಂಟು.

ಬಂದವರಿಗೆಲ್ಲ ಮೊದಲ ದಿನ ಒಂದು ಮಾತು ಕೊಡುತ್ತಾರೆ: “ಇಲ್ಲಿಯ ಮಾತು ಮೆಟ್ಟಿಲು ಇಳಿಯಲ್ಲ.” ಆ ಮಾತಿಗಾಗಿಯೇ ಕಲ್ಯಾಣಮ್ಮನವರಿಗೂ ಒಂದು ಕಟ್ಟುಪಾಡು ಹಾಕಿದ್ದರು. ಮಹಡಿಗೆ ಬಂದವರ ಸೀರೆಗೆ ರಸೀದಿ ಪುಸ್ತಕದಲ್ಲಿ ಹೆಸರು ಬರೆಯಬಾರದು, ಫೋನ್ ನಂಬರು ಬರೆಯಬಾರದು. ಚೀಲದ ಹಿಡಿಗೆ ಒಂದು ಎಳೆ ಹಳದಿ ದಾರ ಕಟ್ಟಿ ಬೇರೆ ಇಡಬೇಕು. ವಾಪಸು ಪಡೆಯಲು ಬಂದವರು ಬಣ್ಣ ಹೇಳಿದರೆ ಸಾಕು. ಕಲ್ಯಾಣಮ್ಮ ಹೊಸಬರಿಗೆ ಸ್ವರ ತಗ್ಗಿಸಿ ಹೇಳುತ್ತಿದ್ದರು: “ಹಳದಿ ದಾರ ಅಂದ್ರೆ ಮಹಡಿಯವರು. ನಂಗೆ ನಿಮ್ಮ ಹೆಸರು ಗೊತ್ತಿಲ್ಲ, ನಿಮ್ಮ ಮುಖಾನೂ ನಾನು ನೋಡಿಲ್ಲ, ಆಯ್ತಾ?”

ಎರಡು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಗುಟ್ಟು ಕಾಯಲು ಮಾಡಿದ ಆ ಏರ್ಪಾಡೇ ಗುಟ್ಟನ್ನು ಬಯಲು ಮಾಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಪಾರವ್ವ ತಿಂಗಳಿಗೊಮ್ಮೆ ನಮ್ಮ ಶಾಲೆಗೆ ಮಕ್ಕಳೊಂದಿಗೆ ಮಾತಾಡಲು ಬರುತ್ತಾರೆ. ನನಗೆ ಪರಿಚಯವಾದದ್ದು ಹಾಗೆ. ವಚನಾ ಒಂದು ದಿನ ಸ್ಟಾಫ್ ರೂಮಿನಲ್ಲಿ ತೆರೆದಿಟ್ಟ ಊಟದ ಡಬ್ಬಿಯನ್ನು ನೋಡುತ್ತಾ ಅರ್ಧ ಗಂಟೆ ಕೂತಿದ್ದಳು. ಹಿಂದಿನ ವರ್ಷ ಅವಳಿಗೆ ಮೂರು ತಿಂಗಳಿಗೆ ಗರ್ಭಪಾತವಾಗಿತ್ತು. ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ, ಎಂದೂ ಏನೂ ಆಗಿಯೇ ಇಲ್ಲ ಎಂಬಂತೆ ಇದ್ದಾರೆ, ತನ್ನ ಅತ್ತೆಗಂತೂ ಅದು ಲೆಕ್ಕಕ್ಕೇ ಇಲ್ಲ ಎಂದಳು. ನಾನು ಪಾರವ್ವನ ವಿಳಾಸ ಕೊಟ್ಟು, “ಒಂದು ಸೀರೆ ತಗೊಂಡು ಹೋಗು” ಎಂದೆ. ಅವಳು ಶನಿವಾರ ಮಧ್ಯಾಹ್ನಗಳಲ್ಲಿ ಹೋಗತೊಡಗಿದಳು.

ವಚನಾಳ ಮನೆ ಹೊಸಹಳ್ಳಿಯಲ್ಲಿ. ಅದೇ ಮನೆಯಿಂದ ಅವಳ ಅತ್ತೆಯೂ ಮಂಗಳವಾರಗಳಂದು ಅದೇ ಮೆಟ್ಟಿಲು ಹತ್ತುತ್ತಿದ್ದರು ಎಂಬುದು ನನಗೂ ಗೊತ್ತಿರಲಿಲ್ಲ, ವಚನಾಳಿಗೂ ಗೊತ್ತಿರಲಿಲ್ಲ. ಕಮಲಾಕ್ಷಮ್ಮ ಸರ್ಕಾರಿ ಕಚೇರಿಯಿಂದ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ಇಪ್ಪತ್ತು ಜನರನ್ನು ಗದರಿದ ಗಂಟಲಿಗೆ ಮನೆಯಲ್ಲಿ ಕೆಲಸ ಇರಲಿಲ್ಲ. ಸಂಜೆ ನಾಲ್ಕಾದರೆ ಕೈ ನಡುಗುವುದು, ಎದೆ ಬಡಿದುಕೊಳ್ಳುವುದು. ಸೊಸೆ ತನ್ನನ್ನು ಕಂಡರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ತಾನು ಅವಳಿಗೆ ಬೇಡವಾಗಿದ್ದೇನೆ ಎಂಬುದು ಅವರ ಸಂಕಟ. ಅವರು ಹೋಗುವ ‘ಅಕ್ಕನ ಬಳಗ’ ಎಂಬ ಮಹಿಳಾ ಸಂಘದ ಗೆಳತಿಯೊಬ್ಬರು ಗುಟ್ಟಾಗಿ ದಾರಿ ತೋರಿಸಿದ್ದರು.

ಇಬ್ಬರೂ ಒಂದೇ ಮನೆಯವರು ಎಂದು ಪಾರವ್ವನಿಗೆ ತಿಳಿಯಲು ಐದು ವಾರ ಬೇಕಾಯಿತು. ತಿಳಿದದ್ದು ಹಸಿರು ಸೀರೆಯಿಂದ. ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಕಮಲಾಕ್ಷಮ್ಮ ಒಂದೇ ಅಂಗಡಿಯಲ್ಲಿ ಒಂದೇ ಬಣ್ಣದ ಎರಡು ರೇಷ್ಮೆ ಸೀರೆ ತಂದಿದ್ದರು. ತನಗೊಂದು ಮೇಲು, ಸೊಸೆಗೊಂದು ಕೀಳು ತಂದಳು ಎಂಬ ಮಾತು ಬರಬಾರದೆಂದು ಹಾಗೆ ಮಾಡಿದ್ದು. ಅಂಚಿನಲ್ಲಿ ಮಾತ್ರ ವ್ಯತ್ಯಾಸ: ಅತ್ತೆಯದು ಮಾವಿನಕಾಯಿ, ಸೊಸೆಯದು ರುದ್ರಾಕ್ಷಿ. “ನನ್ನನ್ನ ಒಂದು ಮಾತೂ ಕೇಳದೆ ತಂದಿದಾರೆ, ಸ್ಕೂಲ್ ಯೂನಿಫಾರಂ ಥರ” ಎಂದು ಶನಿವಾರ ವಚನಾ ಹೇಳಿದಳು. “ಎಷ್ಟು ಯೋಚನೆ ಮಾಡಿ ತಂದೆ ಗೊತ್ತಾ, ಒಂದು ಚೆನ್ನಾಗಿದೆ ಅನ್ನಲಿಲ್ಲ” ಎಂದು ಮಂಗಳವಾರ ಕಮಲಾಕ್ಷಮ್ಮ ಹೇಳಿದರು.

ಪಾರವ್ವ ತಮಗೆ ಮಾರ್ಗದರ್ಶನ ಮಾಡುವ ಹಿರಿಯ ಸಮಾಲೋಚಕಿಯನ್ನು, ಹೆಸರು ಹೇಳದೆ, ಕೇಳಿದರು. ಒಂದೇ ಮನೆಯ ಇಬ್ಬರನ್ನು ಗುಟ್ಟಾಗಿ ನೋಡುವುದು ಸರಿಯಲ್ಲ, ಒಬ್ಬರನ್ನು ಬೇರೆಯವರ ಹತ್ತಿರ ಕಳಿಸು ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಆದರೆ ಕಳಿಸಲು ಕಾರಣ ಹೇಳಬೇಕಲ್ಲ? ಕಾರಣ ಹೇಳಿದರೆ ಗುಟ್ಟು ಹೋಗುತ್ತದೆ. ಇವತ್ತು, ನಾಳೆ ಎನ್ನುತ್ತಾ ಪಾರವ್ವ ಮೂರು ವಾರ ತಳ್ಳಿದರು.

ಅಷ್ಟರಲ್ಲಿ ಎರಡೂ ಹಸಿರು ಸೀರೆಗಳು, ಎರಡೂ ಹಳದಿ ದಾರದ ಚೀಲಗಳಲ್ಲಿ, ಕಲ್ಯಾಣಮ್ಮನವರ ಕಪಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು.

ಶನಿವಾರ ವಚನಾ ಬಂದು “ಹಸಿರು” ಎಂದಳು. ಕಲ್ಯಾಣಮ್ಮ ಕೈಗೆ ಸಿಕ್ಕ ಹಸಿರು ಕೊಟ್ಟರು. ಮಹಡಿಯ ಚೀಲ ಹಿಡಿದು ಅಂಗಡಿಯಲ್ಲಿ ನಿಲ್ಲಲು ಯಾರಿಗೂ ಇಷ್ಟವಿಲ್ಲ, ಅವಳು ಬಿಚ್ಚಿ ನೋಡದೆ ಒಯ್ದು ಬೀರುವಿನಲ್ಲಿಟ್ಟಳು. ಮಂಗಳವಾರ ಕಮಲಾಕ್ಷಮ್ಮ ಬಂದು “ಹಸಿರು” ಎಂದರು. ಉಳಿದ ಹಸಿರು ಅವರ ಕೈ ಸೇರಿತು.

ಅವರು ಮನೆಗೆ ಹೋಗಿ ಬಿಚ್ಚಿದರು. ಅಂಚಿನಲ್ಲಿ ರುದ್ರಾಕ್ಷಿ. ರವಿಕೆ ಬಟ್ಟೆ ಆಗಲೇ ಕತ್ತರಿಸಿದ್ದು. ಸೊಸೆಯ ಸೀರೆ ಎಂದು ಆ ಕ್ಷಣಕ್ಕೆ ತಿಳಿಯಿತು. ಚೀಲದ ಹಿಡಿ ನೋಡಿದರು. ಹಳದಿ ದಾರ.

ಸಂಜೆ ನಾಲ್ಕಾಗಿತ್ತು. ಅವತ್ತು ಕೈ ನಡುಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೋಪದಲ್ಲಿ ಅದಕ್ಕೆಲ್ಲ ಬಿಡುವೇ ಇರಲಿಲ್ಲ ಎಂದು ಅವರೇ ಹೇಳುತ್ತಾರೆ. ಆಟೋ ಹತ್ತಿ ಸೀದಾ ಬಂದು, ಮೆಟ್ಟಿಲು ಹತ್ತಿ, ಚೀಲವನ್ನು ಮೇಜಿನ ಮೇಲೆ ಇಟ್ಟರು.

“ನನ್ನ ಸೊಸೆ ಇಲ್ಲಿಗೆ ಬರ್ತಾಳಾ?”

ಪಾರವ್ವ ಚೀಲ ನೋಡಿದರು. ಏನಾಗಿದೆ ಎಂದು ಗೊತ್ತಾಯಿತು.

“ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಯಾರಿಗೂ ಹೇಳಲ್ಲಮ್ಮ. ನೀವು ಬರ್ತೀರಾ ಅಂತ ಯಾರಾದ್ರೂ ಕೇಳಿದ್ರೂ ಹೇಳಲ್ಲ.”

“ಹೇಳೋದೇನು, ದಾರಾನೇ ಹೇಳ್ತಿದೆಯಲ್ಲ! ಮನೇಲಿ ನನ್ನ ಹತ್ರ ಒಂದು ಮಾತಾಡಲ್ಲ, ಇಲ್ಲಿ ಬಂದು ನನ್ನ ಮರ್ಯಾದೆ ತೆಗೀತಾಳಾ? ನೀವೂ ಕೂತು ಕೇಳ್ತೀರಾ? ನಾಳೆ ಅಕ್ಕನ ಬಳಗದಲ್ಲಿ ಎಲ್ಲರ ಮುಂದೆ ಹೇಳ್ತೀನಿ, ಈ ಮಹಡಿ ಹತ್ತಬೇಡಿ ಅಂತ!”

“ಹೇಳಿ. ತಪ್ಪು ನಂದೇ. ಹೆಸರು ಬರೀಬೇಡಿ, ದಾರ ಕಟ್ಟಿ ಅಂತ ಕಲ್ಯಾಣಮ್ಮನಿಗೆ ಹೇಳಿದ್ದು ನಾನೇ. ಅವರದ್ದೇನೂ ಇಲ್ಲ.”

ಜಗಳಕ್ಕೆ ಸಿದ್ಧವಾಗಿ ಬಂದವರಿಗೆ ಎದುರಿನವರು ತಪ್ಪು ಒಪ್ಪಿಕೊಂಡರೆ ಏನು ಮಾಡಬೇಕೆಂದು ತೋಚುವುದಿಲ್ಲ. ಕಮಲಾಕ್ಷಮ್ಮ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. ಅಕ್ಕನ ಬಳಗದಲ್ಲಿ ಹೇಳಬೇಕಾದರೆ ತಾನು ಯಾಕೆ ಈ ಮಹಡಿಗೆ ಹೋಗಿದ್ದೆ ಎಂಬುದನ್ನೂ ಹೇಳಬೇಕಲ್ಲ ಎಂದು ಅವರಿಗೆ ಹೊಳೆದದ್ದು ಆಗ. ಮೆಟ್ಟಿಲು ಇಳಿದು ಹೋದರು.

ಪಾರವ್ವನಿಗೆ ಶಾಲೆಯ ನೀರಿನ ತೊಟ್ಟಿಯ ಹತ್ತಿರ ನಿಂತ ಹುಡುಗಿಯೇ ಮತ್ತೆ ಕಣ್ಣಿಗೆ ಬಂದಳು. ವಚನಾಳಿಗೆ ಇನ್ನೂ ಏನೂ ಗೊತ್ತಿಲ್ಲ. ಅವಳು ನಂಬಿ ಬಂದು ಹೇಳಿಕೊಂಡವಳು. ಮನೆಗೆ ಹೋದರೆ ಅತ್ತೆ ಏನು ಅನ್ನುತ್ತಾರೋ? ಶಾಂತವ್ವನ ಹಾಗೆ ಅವಳೂ ಬಾಯಿ ಮುಚ್ಚಿಕೊಂಡರೆ? ಒಬ್ಬಳ ಗುಟ್ಟನ್ನು ಕಾಯಲಾಗದವಳಿಗೆ ಈ ಕೋಣೆ ಯಾಕೆ ಎಂದು, ಫಲಕವನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಊರಿಗೆ ಫೋನ್ ಮಾಡಿದರು. ಶಾಂತವ್ವನಿಗೆ ಈಗ ಎಪ್ಪತ್ತು ದಾಟಿದೆ.

“ಚಿಗವ್ವಾ, ನನ್ನಿಂದ ಒಂದ್ ತಪ್ಪಾಗೇತಿ. ಒಬ್ಬರ ಗುಟ್ಟು ಹೊರಗ ಹೋಗೇತಿ” ಎಂದರು. ಯಾರದು, ಏನು ಎಂದು ಹೇಳಲಿಲ್ಲ. ಶಾಂತವ್ವನೂ ಕೇಳಲಿಲ್ಲ.

“ಅವರಿಗೆ ಹೇಳಿಯೇನು?”

“ಇಲ್ಲ. ಹೆಂಗ ಹೇಳ್ಲಿ?”

“ಬಾಯಿಲೆ ಹೇಳು.” ಆ ಕಡೆ ಶಾಂತವ್ವ ಎಲೆ ಅಡಿಕೆ ಜಗಿಯುವ ಸದ್ದು. “ನೋಡು ಪಾರೂ, ಅವತ್ತ ನೀ ಹೊರಗ ಹೇಳಿದ್ದಕ್ಕ ನಂಗ ಸಿಟ್ಟಿರಲಿಲ್ಲ. ಸಣ್ಣ ಹುಡುಗಿ ನೀ. ಹೇಳಿದ್ದು ನೀನಽ ಅಂತ ನನಗ ಗೊತ್ತಿತ್ತು. ಬಂದು ‘ಚಿಗವ್ವಾ ತಪ್ಪಾತು’ ಅಂತಾಳೇನು ಅಂತ ಕಾದೆ. ನೀ ಬರಲಿಲ್ಲ. ಎಂಟು ವರ್ಷ ಕಾದೆನವ್ವ. ಇವರನ್ನ ಹಂಗ ಕಾಯಸಬ್ಯಾಡ.”

ಮೂವತ್ತೇಳು ವರ್ಷದ ಮೇಲೆ ಪಾರವ್ವ ಫೋನಿನಲ್ಲೇ “ಚಿಗವ್ವಾ, ತಪ್ಪಾತು” ಎಂದರು. “ಭಾಳ ಲಗೂನ ಹೇಳಿದಿ” ಎಂದು ಶಾಂತವ್ವ ನಕ್ಕಳು. ಪಾರವ್ವ ಅಳುತ್ತಾ ನಕ್ಕು, ಫಲಕವನ್ನು ಎತ್ತಿ ಮತ್ತೆ ಬಾಗಿಲಿಗೆ ಹಾಕಿದರು.

ಆ ಸಂಜೆಯೇ ವಚನಾಳಿಗೆ ಫೋನ್ ಹೋಯಿತು. “ನಿಮ್ಮ ಸೀರೆ ಬದಲಾಗಿದೆ. ನಿಮ್ಮದು ಬೇರೆಯವರ ಕೈ ಸೇರಿದೆ. ನೀವು ಇಲ್ಲಿಗೆ ಬರೋದು ಅವರಿಗೆ ಗೊತ್ತಾಗಿರಬಹುದು. ನಿಮಗೆ ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ. ಕ್ಷಮಿಸಿ. ಸಿಟ್ಟು ಬಂದ್ರೆ ಬೈದುಬಿಡಿ, ಕೇಳ್ತೀನಿ. ಇಲ್ಲಿ ಬೇಡ ಅನ್ನಿಸಿದ್ರೆ ರಾಜಾಜಿನಗರದಲ್ಲಿ ಒಳ್ಳೆಯವರೊಬ್ಬರು ಇದಾರೆ, ನಾನೇ ಮಾತಾಡಿ ಕೊಡ್ತೀನಿ.” ಯಾರ ಕೈ ಸೇರಿದೆ ಎಂದು ಮಾತ್ರ ಹೇಳಲಿಲ್ಲ.

ಹೇಳುವ ಅಗತ್ಯವೂ ಇರಲಿಲ್ಲ. ವಚನಾ ಬೀರು ತೆಗೆದು ಚೀಲ ಬಿಚ್ಚಿದಳು. ಮಾವಿನಕಾಯಿ ಅಂಚು, ಕತ್ತರಿಸದ ರವಿಕೆ ಬಟ್ಟೆ, ಮಡಿಕೆಯಲ್ಲಿ ಅತ್ತೆಯ ನ್ಯಾಫ್ತಲಿನ್ ವಾಸನೆ. ಹಿಡಿಗೆ ಹಳದಿ ದಾರ. ಸೀರೆ ಹರಡಿಕೊಂಡು ಮಂಚದ ಮೇಲೆ ಕೂತಳಂತೆ. ಮೊದಲು ಹೆದರಿಕೆ. ಆಮೇಲೆ ಇನ್ನೊಂದು ಯೋಚನೆ: ಇಡೀ ಕಚೇರಿಯನ್ನು ನಡುಗಿಸಿದ ಅತ್ತೆ, ಆ ಪುಟ್ಟ ಮೆಟ್ಟಿಲು ಹತ್ತಿ, ಆ ಕುರ್ಚಿಯಲ್ಲಿ ಕೂತು, ಎಳೆ ಬಿಡಿಸುತ್ತಾ ಅತ್ತಿರಬಹುದೇ?

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ನಡೆದದ್ದನ್ನು ಇಬ್ಬರೂ ಒಟ್ಟಿಗೆ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ. ಬದಲಿಗೆ ಎಲ್ಲಿಲ್ಲದ ಮರ್ಯಾದೆ. ಕಮಲಾಕ್ಷಮ್ಮ ಬೆಳಿಗ್ಗೆ ಎದ್ದು ಅಕ್ಕಿ ರೊಟ್ಟಿ ತಟ್ಟಿದರು. ವಚನಾ ಸಂಜೆ ಅತ್ತೆ ಕೇಳುವ ಮೊದಲೇ ಕಾಫಿ ಕೊಟ್ಟಳು. “ನೀನು ಕೂತ್ಕೋ” “ಇಲ್ಲ, ನೀವು ಕೂತ್ಕೊಳ್ಳಿ” ಎಂದು ಇಬ್ಬರೂ ನಿಂತೇ ಟಿವಿ ನೋಡಿದರು. ವಚನಾಳ ಗಂಡ ಗಿರಿರಾಜ್ ಗುರುವಾರ ರಾತ್ರಿ ಊಟಕ್ಕೆ ಕೂತವನು ಹೆದರಿ ಕೇಳಿದನಂತೆ, “ಯಾರಿಗಾದ್ರೂ ಹುಷಾರಿಲ್ವಾ? ನನ್ನಿಂದ ಏನಾದ್ರೂ ಮುಚ್ಚಿಡ್ತಿದೀರಾ?”

ಭಾನುವಾರ ಗೃಹಪ್ರವೇಶ. ಸೀರೆ ವಾಪಸು ಕೊಡಬೇಕಾದರೆ ಮಾತಾಡಬೇಕು. ನಾನು ಇದನ್ನೇ ಉಟ್ಟುಕೊಂಡರೆ ಅವಳೇ ಮಾತು ತೆಗೆಯಬೇಕಾಗುತ್ತದೆ ಎಂದು ಕಮಲಾಕ್ಷಮ್ಮ ರುದ್ರಾಕ್ಷಿ ಅಂಚಿನ ಸೀರೆ ಉಟ್ಟು ಹೊರಗೆ ಬಂದರು. ಅದೇ ಲೆಕ್ಕಾಚಾರ ಹಾಕಿ ವಚನಾ ಮಾವಿನಕಾಯಿ ಅಂಚಿನ ಸೀರೆ ಉಟ್ಟು ಹೊರಗೆ ಬಂದಳು. ಹಜಾರದಲ್ಲಿ ಎದುರಾದರು. ಇಬ್ಬರೂ ಮೊದಲು ನೋಡಿದ್ದು ಒಬ್ಬರ ಸೆರಗನ್ನು ಇನ್ನೊಬ್ಬರು.

“ಇಬ್ರೂ ಒಂದೇ ಥರ ಇದೀರಾ, ಸೂಪರ್! ಬೇಗ ಹೊರಡಿ” ಎಂದ ಗಿರಿರಾಜ್. ಅವನಿಗೆ ಏನೂ ಗೊತ್ತಾಗಲಿಲ್ಲ.

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರು. ಹೆಂಗಸರಿಗೆ ಅಕ್ಕಪಕ್ಕ ಸೀಟು ಸಿಕ್ಕಿತು, ಗಿರಿರಾಜ್ ಬಾಗಿಲ ಹತ್ತಿರ ಮೊಬೈಲ್ ನೋಡುತ್ತಾ ನಿಂತ. ಇಬ್ಬರೂ ಎದುರಿನ ಕಿಟಕಿಯನ್ನೇ ನೋಡುತ್ತಾ ಕೂತರು. ವಿಜಯನಗರ ಹೋಯಿತು, ಅತ್ತಿಗುಪ್ಪೆ ಹೋಯಿತು. ಕಮಲಾಕ್ಷಮ್ಮನ ಬೆರಳು ತಮ್ಮ ಸೆರಗಿನ ಕುಚ್ಚನ್ನು ಎಣಿಸುತ್ತಿತ್ತು.

“ನಂದು ಮಂಗಳವಾರ” ಎಂದರು ಕಿಟಕಿಯನ್ನೇ ನೋಡುತ್ತಾ. “ನಿಂದು?”

“ಶನಿವಾರ.”

“ಯಾವಾಗಿಂದ?”

“ಆಷಾಢದಿಂದ.”

“ನಂಗಿಂತ ಮುಂಚೆ ಶುರು ಮಾಡಿದೀಯಾ ಹಾಗಾದ್ರೆ.” ಮತ್ತೊಂದು ಕುಚ್ಚು ಎಣಿಸಿದರು. “ನನ್ನ ಬಗ್ಗೆ ಏನೇನು ಹೇಳಿದೀಯೇ?”

“ನೀವು ನನ್ನ ಬಗ್ಗೆ ಎಷ್ಟು ಹೇಳಿದೀರೋ ಅಷ್ಟೇ ಇರಬೇಕು ಅತ್ತೆ.”

ಕಮಲಾಕ್ಷಮ್ಮನಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ನಗು ನಿಂತಿತು.

“ಒಂದು ಕೇಳ್ಲಾ? ಹೋದ ವರ್ಷ... ಆ ಮಗು ವಿಷಯ. ನಾನು ಒಂದು ದಿನಾನೂ ಕೇಳಲಿಲ್ಲ ಅಂತ ನಿಂಗೆ ಬೇಜಾರಿತ್ತಾ?”

ವಚನಾ ಸೆರಗಿನ ಒಂದು ಕುಚ್ಚನ್ನು ಬೆರಳಿಗೆ ಸುತ್ತಿಕೊಂಡಳು.

“ಕೇಳಿದ್ರೆ ಅಳ್ತೀಯೇನೋ ಅಂತ ಕೇಳಲಿಲ್ಲ ಕಣೇ.”

“ಕೇಳಲಿಲ್ಲ ಅಂತ ಅಳ್ತಿದ್ದೆ ಅತ್ತೆ. ಬಾಗಿಲು ಹಾಕ್ಕೊಂಡು.”

“ನಾನು ಬೇಡ ಅಂತ ಬಾಗಿಲು ಹಾಕ್ಕೋತೀಯ ಅಂದ್ಕೊಂಡಿದ್ದೆ.” ಕಮಲಾಕ್ಷಮ್ಮ ತಮ್ಮ ಕೈಯನ್ನು ಅವಳ ಕೈ ಮೇಲಿಟ್ಟರು. “ಗಿರಿಗಿಂತ ಮುಂಚೆ ನಂಗೂ ಒಂದು ಹೋಗಿತ್ತು. ನಮ್ಮತ್ತೆ ಅದರ ಬಗ್ಗೆ ದಿನಾ ಕೇಳೋರು, ಕೇಳಿ ಕೇಳಿ ಸಾಯಿಸೋರು. ಅದಕ್ಕೇ ನಾನು ಕೇಳಬಾರ್ದು ಅಂತ...”

ಮುಖ ನೋಡಿಕೊಂಡಿದ್ದರೆ ಇಬ್ಬರಿಂದಲೂ ಈ ಮಾತು ಬರುತ್ತಿರಲಿಲ್ಲ ಎಂದು ವಚನಾ ನನಗೆ ಹೇಳಿದಳು. ಅವರು ಮಾತಾಡುತ್ತಲೇ ಇದ್ದರು. ರೈಲು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು, ಹೊರಟಿತು. ವಚನಾಳಿಗೆ ಫೋನ್ ಬಂತು.

“ಎಲ್ಲಿದೀರಾ ಇಬ್ರೂ? ನಾನು ಕೆಂಗೇರಿ ಪ್ಲಾಟ್‌ಫಾರಂನಲ್ಲಿ ನಿಂತಿದೀನಿ!” ಗಿರಿರಾಜ್.

ವಚನಾ ಬೋರ್ಡ್ ನೋಡಿದಳು. “ಚಲ್ಲಘಟ್ಟ ಬರ್ತಾ ಇದೆ ರೀ. ಕೊನೇ ಸ್ಟಾಪು.”

“ಅಲ್ಲೇನು ಕೆಲಸ ನಿಮಗೆ?”

ಕಮಲಾಕ್ಷಮ್ಮ ಫೋನ್ ಕಸಿದುಕೊಂಡು, ಹಳೆಯ ಕಚೇರಿಯ ಗಂಟಲಿನಲ್ಲಿ, “ಕೆಲಸ ಇತ್ತು, ಮುಗೀತು. ಅಲ್ಲೇ ನಿಂತಿರು, ಬರ್ತೀವಿ” ಎಂದರು.

ಮುಂದಿನ ಮಂಗಳವಾರ ಅವರು ಮೆಟ್ಟಿಲು ಹತ್ತಿ ಬಂದಾಗ ಪಾರವ್ವ ಎದ್ದು ನಿಂತರು. ಏನು ಕೇಳಬೇಕೆಂದು ತಿಳಿಯದೆ, ಏನನ್ನೂ ಕೇಳುವ ಹಾಗೂ ಇಲ್ಲದೆ, ನಿಂತೇ ಇದ್ದರು. ಕಮಲಾಕ್ಷಮ್ಮ ತಮ್ಮ ಕುರ್ಚಿಯಲ್ಲಿ ಕೂತು, “ಯಾಕಮ್ಮ ನಿಂತಿದೀರಾ? ‘ಆಮೇಲೆ?’ ಅನ್ನಿ” ಎಂದರು.

ವಚನಾ ಈಗ ರಾಜಾಜಿನಗರದ ಸಮಾಲೋಚಕಿಯ ಹತ್ತಿರ ಹೋಗುತ್ತಾಳೆ. ಹಾಗೆ ಆಗಲೇಬೇಕು ಎಂದು ಪಾರವ್ವ ಪಟ್ಟು ಹಿಡಿದರು. ಕಮಲಾಕ್ಷಮ್ಮನವರ ಕೈ ನಡುಕ ಪೂರ್ತಿ ಹೋಗಿಲ್ಲ, ಆದರೆ ನಾಲ್ಕು ಗಂಟೆಗೆ ಸೊಸೆ ಶಾಲೆಯಿಂದ ಬರುತ್ತಾಳೆ, ಕಾಫಿ ಇಡಬೇಕು, ಗಮನಿಸಲು ಪುರುಸೊತ್ತಿಲ್ಲ ಎನ್ನುತ್ತಾರೆ.

ಕಲ್ಯಾಣಮ್ಮನವರ ಅಂಗಡಿಯ ಏರ್ಪಾಡು ಬದಲಾಗಿದೆ. ಈಗ ಸೀರೆಗೆಲ್ಲ ನಂಬರಿನ ಚೀಟಿ, ಹೆಸರಿಲ್ಲ. ಜೊತೆಗೆ ಅಂಗಡಿಗೆ ಬಂದ ಪ್ರತಿಯೊಂದು ಚೀಲಕ್ಕೂ, ಮಹಡಿಯದಾಗಲಿ ಕೆಳಗಿನದಾಗಲಿ, ಹಳದಿ ದಾರ. ಯಾರು ಮಹಡಿಯವರು, ಯಾರಲ್ಲ ಎಂದು ಇನ್ನು ಯಾವ ದಾರವೂ ಹೇಳುವ ಹಾಗಿಲ್ಲ. ಇದು ಪಾರವ್ವನ ಉಪಾಯ. ತಿಂಗಳಿಗೆ ಎರಡು ಉಂಡೆ ದಾರ ದಂಡ ಎಂದು ಕಲ್ಯಾಣಮ್ಮ ಗೊಣಗುತ್ತಲೇ ಕಟ್ಟುತ್ತಾರೆ.

ಕಳೆದ ವಾರ ಶಾಲೆಯ ಕೆಲಸಕ್ಕೆಂದು ನಾನು ಮಹಡಿಗೆ ಹೋಗಿದ್ದೆ. ಮಾತಾಡುತ್ತಿರುವಾಗ ಕೆಳಗಿನ ರಸ್ತೆಯಿಂದ, ಎದುರಿನ ಬೇಕರಿಯವರೂ ತಿರುಗಿ ನೋಡುವಷ್ಟು ದೊಡ್ಡ ದನಿ ಕೇಳಿತು.

“ಪಾರವ್ವಾ, ಇದೀರಾ? ನಾನು, ಕಮಲಾಕ್ಷಮ್ಮ! ಜೊತೇಲಿ ಅಕ್ಕನ ಬಳಗದವರು ಇಬ್ಬರು ಬಂದಿದಾರೆ! ಸೀರೆ ತಂದಿಲ್ಲ, ಪರವಾಗಿಲ್ವಾ?”

ಪಾರವ್ವ ಗಾಬರಿಯಿಂದ ಬಾಗಿಲಿಗೆ ಓಡಿ, ತುಟಿಯ ಮೇಲೆ ಬೆರಳಿಟ್ಟು, “ಮೆತ್ತಗೆ ಕಮಲಾಕ್ಷಮ್ಮ, ಮೆತ್ತಗೆ! ಬೀದಿಗೆಲ್ಲ ಕೇಳ್ತದ್ರೀ!” ಎಂದರು.

“ಕೇಳಲಿ ಬಿಡಿ” ಎಂದರು ಕಮಲಾಕ್ಷಮ್ಮ ಮೆಟ್ಟಿಲು ಹತ್ತುತ್ತಾ. “ಮಾತು ಇಳೀಬಾರ್ದು ಅಂತ ತಾನೇ ನೀವು ಹೇಳಿದ್ದು? ಹತ್ತಬಾರ್ದು ಅಂತ ಹೇಳಿಲ್ವಲ್ಲ.”

ಅವರ ಹಿಂದೆ ಇಬ್ಬರು ಹೆಂಗಸರು, ಬರಿಗೈಯಲ್ಲಿ, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾ ಹತ್ತಿ ಬಂದರು. ಕೆಳಗಡೆ ಕಲ್ಯಾಣಮ್ಮ, “ಅಯ್ಯೋ, ಹೀಗೆ ಎಲ್ಲರೂ ಸೀರೆ ಬಿಟ್ಟು ಬಂದ್ರೆ ನಾನು ಅಂಗಡಿ ಮುಚ್ಚಬೇಕಾ?” ಎಂದು ಕೂಗಿ ಹೇಳುತ್ತಿದ್ದರು.